ಮತ್ತೆ ದೀಕ್ಷಾಸ್ನಾನ ಬೇಡ, ಕಾಲು ತೊಳೆದುಕೊಂಡರೆ ಸಾಕು

ನೀವು ಕೇಳಿದ್ದು ಇಷ್ಟು: ದೀಕ್ಷಾಸ್ನಾನ (ಕ್ರೈಸ್ತ ಸಭೆಗೆ ಸೇರುವಾಗ ನೀರಿನಿಂದ ಆಗುವ ಸಂಸ್ಕಾರ) ಆಗಿ ಮೂರು ವರ್ಷವಾಯಿತು, ಬಿಟ್ಟೆ ಅಂದುಕೊಂಡಿದ್ದ ಪಾಪಕ್ಕೇ ಮತ್ತೆ ಮತ್ತೆ ಬೀಳುತ್ತಿದ್ದೇನೆ, ಹಾಗಾದರೆ ಮೊದಲನೆಯದು ಲೆಕ್ಕಕ್ಕೆ ಬರಲಿಲ್ಲವಾ, ಇನ್ನೊಮ್ಮೆ ತೆಗೆದುಕೊಳ್ಳಬೇಕಾ?

ಬೇಡ. ಬೈಬಲಿನಲ್ಲಿ ಯೋಹಾನನ ಸುವಾರ್ತೆಯ 13ನೇ ಅಧ್ಯಾಯ ತೆಗೆದು ನೋಡಿ. ಯೇಸು ಶಿಷ್ಯರ ಕಾಲು ತೊಳೆಯಲು ಬಂದಾಗ ಪೇತ್ರ ಮೊದಲು ಬೇಡವೇ ಬೇಡ ಅನ್ನುತ್ತಾನೆ, ಮರುಕ್ಷಣವೇ ಹಾಗಾದರೆ ಕೈ, ತಲೆ ಎಲ್ಲ ತೊಳೆ ಅನ್ನುತ್ತಾನೆ. (ಪೇತ್ರ ಹಾಗೇ, ಮಧ್ಯದ ದಾರಿ ಅವನಿಗೆ ಗೊತ್ತಿಲ್ಲ.) ಸ್ನಾನ ಆದವನು ಕಾಲು ತೊಳೆದುಕೊಂಡರೆ ಸಾಕು ಎಂಬುದು ಯೇಸುವಿನ ಉತ್ತರ. ಮಣ್ಣಿನ ದಾರಿಯಲ್ಲಿ ನಡೆದರೆ ಕಾಲಿಗೆ ಧೂಳು ಹತ್ತೇ ಹತ್ತುತ್ತದೆ. ಹಾಗಂತ ಸ್ನಾನವೇ ಆಗಿರಲಿಲ್ಲ ಅಂತ ಯಾರೂ ಹೇಳುವುದಿಲ್ಲ, ಅಲ್ವಾ? ಎಫೆಸದವರಿಗೆ ಬರೆದ ಪತ್ರಿಕೆಯಲ್ಲೂ (4:5) ದೀಕ್ಷಾಸ್ನಾನ ಒಂದೇ ಅಂತಲೇ ಇದೆ. ಮಗುವಾಗಿದ್ದಾಗ ಆದದ್ದು ಲೆಕ್ಕವೋ ಅಲ್ಲವೋ ಎಂಬುದು ಬೇರೆ ಜಗಳ, ಅದಕ್ಕೆ ನಾನು ಕೈ ಹಾಕುವುದಿಲ್ಲ.

ಆದರೆ ಕಾಲು ತೊಳೆದುಕೊಳ್ಳುವುದು ಅಂದರೆ ರಾತ್ರಿ 'ನನ್ನ ಪಾಪಗಳನ್ನೆಲ್ಲ ಕ್ಷಮಿಸು' ಅಂತ ಸುಮ್ನೆ ಒಂದು ಸಾಲು ಹೇಳಿ ಹೊದ್ದು ಮಲಗುವುದಲ್ಲ. ನಾನು ವರ್ಷಗಟ್ಟಲೆ ಅದನ್ನೇ ಮಾಡಿದವನು. ನನ್ನ ಪಾಪ ಸುಳ್ಳು. ಅಣ್ಣನಿಗೆ ಸೇರಬೇಕಾದ ದುಡ್ಡಿನಲ್ಲಿ ಸ್ವಲ್ಪ ನಾನೇ ಇಟ್ಟುಕೊಂಡಿದ್ದೆ, ಲೆಕ್ಕ ಕೇಳಿದಾಗ ಸುಳ್ಳು ಹೇಳಿದೆ, ಅದನ್ನು ಮುಚ್ಚಲು ಇನ್ನೊಂದು, ಆಮೇಲೆ ಸುಳ್ಳು ಎಲ್ಲರ ಹತ್ತಿರವೂ ಸಲೀಸಾಗಿ ಬರತೊಡಗಿತು. ದೇವರ ಮುಂದೆ ಬೇಕಾದಷ್ಟು ಅತ್ತಿದ್ದೇನೆ. ಅಣ್ಣನ ಮುಂದೆ ಒಂದು ಮಾತಿಲ್ಲ. 51ನೇ ಕೀರ್ತನೆಯಲ್ಲಿ ದಾವೀದ 'ನಿನಗೇ ತಪ್ಪುಮಾಡಿದ್ದೇನೆ' ಅಂತ ದೇವರಿಗೆ ಹೇಳುತ್ತಾನಲ್ಲ, ಅದನ್ನೇ ನೆಪ ಮಾಡಿಕೊಂಡು, ದೇವರಿಗೆ ಹೇಳಿದರೆ ಸಾಕು ಅಂತ ತಪ್ಪಿಸಿಕೊಳ್ಳುತ್ತಿದ್ದೆ. ಸಿಕ್ಕಿಬಿದ್ದದ್ದು ಲೂಕನ ಸುವಾರ್ತೆಯಲ್ಲಿ ಬರುವ ಸುಂಕದವ ಜಕ್ಕಾಯನ ಕಥೆಯಲ್ಲಿ. ಅವನು ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅನ್ನುತ್ತಾನೆ, ನಾನು ಅಸಲನ್ನೂ ಕೊಟ್ಟಿರಲಿಲ್ಲ. ಕೊನೆಗೆ ಹೇಳಿದೆ, ದುಡ್ಡೂ ಕೊಟ್ಟೆ. ಎರಡು ತಿಂಗಳು ಅಣ್ಣ ಮುಖ ಕೊಟ್ಟು ಮಾತಾಡಲಿಲ್ಲ. ಆದರೂ ಆ ಚಟದ ಬೇರು ಅಲ್ಲಾಡಿದ್ದು ಅವತ್ತೇ. ದುಡ್ಡು ಕೊಟ್ಟು ಕ್ಷಮೆ ಕೊಂಡುಕೊಂಡೆ ಅಂತಲ್ಲ. ನಿನ್ನ ಮನೆಗೆ ಬರುತ್ತೇನೆ ಅಂತ ಯೇಸು ಜಕ್ಕಾಯನಿಗೆ ಹೇಳಿದ್ದು ಮೊದಲು, ಅವನು ದುಡ್ಡಿನ ಮಾತೆತ್ತಿದ್ದು ಆಮೇಲೆ. ಆ ಕ್ರಮ ಗಮನಿಸಿ.

ನಿಮ್ಮದು ಯಾವ ಪಾಪ ಅಂತ ನೀವು ಬರೆದಿಲ್ಲ, ಇಲ್ಲಿ ಬರೆಯಲೂ ಬೇಡಿ. ಆದರೆ ಯಾರಾದರೂ ಒಬ್ಬರಿಗೆ ಬಾಯಿಬಿಟ್ಟು ಹೇಳಿ. ಒಬ್ಬರಿಗೊಬ್ಬರು ಪಾಪ ಅರಿಕೆ ಮಾಡಿಕೊಳ್ಳಿ ಅಂತ ಯಾಕೋಬನ ಪತ್ರಿಕೆಯಲ್ಲೇ (5:16) ಇದೆ. ಕಥೋಲಿಕರಾಗಿದ್ದರೆ ಪಾಪನಿವೇದನೆ (ಗುರುಗಳ ಮುಂದೆ ಪಾಪ ಒಪ್ಪಿಕೊಳ್ಳುವುದು) ಇದ್ದೇ ಇದೆ, ಅಲ್ಲಿ ಕೇಳಿದ್ದನ್ನು ಗುರುಗಳು ಯಾರಿಗೂ ಹೇಳುವಂತಿಲ್ಲ. ಬೇರೆ ಕ್ರೈಸ್ತ ಸಭೆಯವರಾದರೆ, ಕೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಹಿರಿಯರೊಬ್ಬರನ್ನು ಹುಡುಕಿ. 'ಇವರಿಗಾಗಿ ಪ್ರಾರ್ಥಿಸಿ' ಅಂತ ಸಭೆಗೆಲ್ಲ ಸಾರುವವರ ಹತ್ತಿರ ಮಾತ್ರ ಹೋಗಬೇಡಿ, ಅಂಥವರು ಜಾಸ್ತಿ ಇದ್ದಾರೆ.

ಮತ್ತೆ, ಬಿದ್ದ ವಾರ ಆರಾಧನೆ ತಪ್ಪಿಸಬೇಡಿ. ನಾಚಿಕೆಯಾಗುತ್ತದೆ, ಗೊತ್ತು. ಕೊನೆಯ ಬೆಂಚಿನಲ್ಲಾದರೂ ಕೂತುಕೊಳ್ಳಿ, ನಾನು ಬಹಳ ದಿನ ಅಲ್ಲೇ ಕೂರುತ್ತಿದ್ದೆ.