ಹೂ ಯಾವುದು, ಅಣಬೆ ಯಾವುದು?

ಪ್ರಶ್ನೆ: ಮಳೆಯಲ್ಲಿ ಖಾನಾಪುರದ ಕಾಡು ಸುತ್ತಿದೆವು. ಬೆಂಕಿಯಂಥ ಹೂ, ಬಿಳಿ ಅಣಬೆ ಕಂಡವು. ಫೋಟೊ ಕಳಿಸಿದ್ದೇನೆ. ಅಣಬೆ ತಿನ್ನಬಹುದಾ?
– ಓದುಗರೊಬ್ಬರು, ಬೆಳಗಾವಿ

ಉತ್ತರ: ಹೂ ಸುಲಭ, ಅಗ್ನಿಶಿಖೆ. ಎಲೆಯ ತುದಿ ದಾರದ ಹಾಗೆ ಸುರುಳಿಯಾಗಿ ಪಕ್ಕದ ಪೊದೆಯನ್ನು ಹಿಡಿದುಕೊಂಡಿದೆ ಅಲ್ವಾ, ಅದೇ ಗುರುತು. 6 ಎಸಳು ಹಿಂದಕ್ಕೆ ಬಾಗಿ ಹಳದಿಯಿಂದ ಕೆಂಪಿಗೆ ತಿರುಗುತ್ತವೆ. ಚೆಂದ ಇದೆ ಅಂತ ಗಡ್ಡೆ ಕಿತ್ತು ತರಬೇಡಿ, ಅದರಲ್ಲಿ ಕಾಲ್ಚಿಸಿನ್ ಎಂಬ ವಿಷವಿದೆ.

ಅಣಬೆಯದ್ದೇ ಫಜೀತಿ. ನೀವು ಬರೀ ಟೊಪ್ಪಿಗೆಯ ಫೋಟೊ ತೆಗೆದಿದ್ದೀರಿ! ಅಡಿಭಾಗ, ಕಾಂಡದ ಬುಡ ಕಾಣಬೇಕು. ತಿನ್ನುವ ಹುತ್ತದ ಅಣಬೆಯಾದರೆ ಕಾಂಡ ಬೇರಿನಂತೆ ಗೆದ್ದಲ ಗೂಡಿನವರೆಗೆ ಇಳಿದಿರುತ್ತದೆ. ಬುಡದಲ್ಲಿ ಚೀಲದಂಥದ್ದು ಕಂಡರಂತೂ ಆಸೆ ಬಿಡಿ, ಅಮಾನಿಟಾ ಎಂಬ ವಿಷದ ಅಣಬೆ ಇರಬಹುದು, ಅದರ ವಿಷ ಬೇಯಿಸಿದರೂ ಹೋಗುವುದಿಲ್ಲ. ವಿಷದ ಅಣಬೆ ತಾಗಿದರೆ ಬೆಳ್ಳಿ ಚಮಚ ಕಪ್ಪಾಗುತ್ತದೆ ಅನ್ನೋದು ಸುಮ್ನೆ ಮಾತು. ಫೋಟೊ ನೋಡಿ ತಿನ್ನಿ ಅಂತ ನಾನಂತೂ ಹೇಳುವುದಿಲ್ಲ.