ಪ್ರತಿಕ್ರಿಯೆ: ಗುಂಪು ಕೆಲಸದಲ್ಲಿ ಯಾವಾಗಲೂ ಅದೇ ಇಬ್ಬರು ಲೀಡರ್‌ಗಳು

ನಮಸ್ಕಾರ. 8ನೇ ತರಗತಿಯಲ್ಲಿ ಗುಂಪು ಕೆಲಸ ಕೊಟ್ಟರೆ ಅದೇ ಇಬ್ಬರು ಮುಂದೆ ಬರುತ್ತಾರೆ, ನಾಯಕತ್ವ ಕಲಿಸೋಕೆ ಬೇರೆ ಪೀರಿಯಡ್ ಇಲ್ಲ ಎಂದು ಕೇಳಿದ್ದೀರಿ. ಬೇರೆ ಪೀರಿಯಡ್ ಬೇಕಾಗಿಲ್ಲ, ಪಾಠದೊಳಗೇ ಆಗುತ್ತದೆ.

ಮೊದಲು ಕಾಯಂ ಲೀಡರ್ ಪದ್ಧತಿ ಬಿಡಿ. ಒಬ್ಬರು ಹೇಳ್ತಾರೆ, ಉಳಿದವರು ಸುಮ್ನೆ ಕೂರ್ತಾರೆ, ಅಷ್ಟೇ ಅಲ್ವಾ? ಬದಲಿಗೆ ಜಿಗ್‌ಸಾ ವಿಧಾನ ನೋಡಿ. ಮನೋವಿಜ್ಞಾನಿ ಎಲಿಯಟ್ ಆರನ್‌ಸನ್ ಮತ್ತು ಅವರ ವಿದ್ಯಾರ್ಥಿಗಳು 1971ರಲ್ಲಿ ಅಮೆರಿಕದ ಆಸ್ಟಿನ್ ಶಾಲೆಗಳಲ್ಲಿ ಶುರು ಮಾಡಿದ್ದು. ಪಾಠವನ್ನು ಐದು ಭಾಗ ಮಾಡಿ, ಗುಂಪಿನ ಐವರಿಗೆ ಒಂದೊಂದು ಕೊಡಿ. ಒಂದೇ ಭಾಗ ಸಿಕ್ಕವರೆಲ್ಲ ಬೇರೆ ಬೇರೆ ಗುಂಪಿನಿಂದ ಬಂದು ಒಟ್ಟಿಗೆ ಕೂತು ಅದನ್ನು ಅರ್ಥ ಮಾಡಿಕೊಳ್ಳಲಿ. ಆಮೇಲೆ ತಮ್ಮ ಗುಂಪಿಗೆ ಮರಳಿ ಕಲಿಸಲಿ. ಆ ಭಾಗ ಗುಂಪಿನಲ್ಲಿ ಬೇರೆ ಯಾರೂ ಓದಿರುವುದಿಲ್ಲ. ಹಾಗಾಗಿ ಮೆಲ್ಲಗೆ ಮಾತಾಡುವ ಮಗುವಿನ ಮಾತನ್ನೂ ಎಲ್ಲರೂ ಕೇಳಲೇಬೇಕು. ಮಧ್ಯದ ಹಂತವನ್ನು ಟೈಮ್ ಇಲ್ಲ ಅಂತ ಹಾರಿಸಬೇಡಿ. ಅಂಜುವ ಮಕ್ಕಳಿಗೆ ರಿಹರ್ಸಲ್ ಸಿಗುವುದು ಅಲ್ಲೇ. ಕೊನೆಗೆ ಎಲ್ಲ ಭಾಗಗಳ ಮೇಲೂ ಪುಟ್ಟ ಟೆಸ್ಟ್ ಇಡಿ, ಒಬ್ಬೊಬ್ಬರೇ ಬರೆಯಲಿ.

ಇನ್ನು ಆ ಇಬ್ಬರು. ಅವರನ್ನು ಬದಿಗೆ ಸರಿಸಬೇಡಿ, ಪಾಪ. "ಇವತ್ತು ನೀನು ಪ್ರಶ್ನೆ ಮಾತ್ರ ಕೇಳು, ಉತ್ತರ ಹೇಳಬೇಡ" ಎನ್ನಿ. ಉತ್ತರ ಗೊತ್ತಿದ್ದೂ ಬೇರೆಯವರಿಗೆ ಜಾಗ ಬಿಡುವುದು ಅವರಿಗೆ ನಿಜಕ್ಕೂ ಕಷ್ಟದ ಕೆಲಸ. ಅವರು ಕಲಿಯಬೇಕಾದ ನಾಯಕತ್ವ ಅದೇ.

ಗಲಾಟೆ ಜಾಸ್ತಿಯಾಗುತ್ತದೆ, ತಡೆದುಕೊಳ್ಳಿ. ಒಂದು ಹಂತ ತಿಳಿಯದೆ ಮುಂದಿನದು ತಿಳಿಯದ ಗಣಿತಕ್ಕೆ ಇದು ಅಷ್ಟಾಗಿ ಒಗ್ಗಲ್ಲ. ಸಮಾಜ ಅಥವಾ ವಿಜ್ಞಾನದ ಓದುವ ಪಾಠದಿಂದ ಶುರು ಮಾಡಿ.