ಅಮೆರಿಕಾದಲ್ಲಿ ಪಬ್ಲಿಕ್ ಹೌಸಿಂಗ್‌ನಲ್ಲಿರೋ ನಮ್ಮತ್ತೆ ಬಿಲ್ಡಿಂಗ್‌ಗೆ ‘ಆನ್ಯುಯಲ್ ಪ್ಲಾನ್’ ನೋಟಿಸ್ ಬಂದಿದೆ, ಮನೆ ಖಾಲಿ ಮಾಡಿಸ್ತಾರೇನೋ ಅಂತ ಹೆದರಿದಾರೆ. ಅಲ್ಲಿರೋರೆಲ್ಲ ಸೇರ್ಕೊಂಡು ಏನಾದ್ರೂ ಮಾಡಕ್ಕಾಗತ್ತಾ?

ಆಗತ್ತೆ. ಆದ್ರೆ ಹಿಯರಿಂಗ್ ದಿನ, ಅಂದ್ರೆ ಆ ಪ್ಲಾನ್ ಬಗ್ಗೆ ಜನರ ಮಾತು ಕೇಳೋ ಸಭೆ ದಿನ, ಹೋಗಿ ಎರಡು ಮಾತಾಡಿ ಬರೋಣ ಅಂದ್ಕೊಂಡಿದ್ರೆ ಅಷ್ಟೊತ್ತಿಗೆ ಪಂಕ್ತಿ ಎದ್ದು ಎಲೆ ಎತ್ತಿರ್ತಾರೆ. ನಾನು ಒಂದು ವರ್ಷ ಹಾಗೇ ಮಾಡಿ ಬಂದೋನು, ಅದಕ್ಕೇ ಇಷ್ಟುದ್ದ ಬರೀತಿದೀನಿ, ಸ್ವಲ್ಪ ತಾಳ್ಮೆ ಇಟ್ಕೊಂಡು ಓದಿ.

ಮೊದಲು ನಿಮ್ಮತ್ತೆಯವರಿಗೆ ಧೈರ್ಯ ಹೇಳಿ. ಈ ನೋಟಿಸ್ ಬಂತು ಅಂದ್ರೆ ಮನೆ ಖಾಲಿ ಮಾಡಿ ಅಂತಲ್ಲ. 1998ರಲ್ಲಿ ಒಂದು ಕಾನೂನು ಬಂತು, ಅವತ್ತಿಂದ ಹೌಸಿಂಗ್ ಅಥಾರಿಟಿಯವರು, ಅಂದ್ರೆ ಸರ್ಕಾರದ ಕಡಿಮೆ ಬಾಡಿಗೆ ಮನೆಗಳನ್ನ (ಪಬ್ಲಿಕ್ ಹೌಸಿಂಗ್) ನಡೆಸೋ ಸ್ಥಳೀಯ ಸಂಸ್ಥೆಯವರು, ಐದು ವರ್ಷಕ್ಕೊಂದು ಪ್ಲಾನು, ಅದರ ಜೊತೆ ವರ್ಷವರ್ಷಕ್ಕೊಂದು ಪ್ಲಾನು ಬರೆದು ಹಡ್‌ಗೆ, ಅಂದ್ರೆ ಫೆಡರಲ್ ಸರ್ಕಾರದ ವಸತಿ ಇಲಾಖೆಗೆ, ಕಳಿಸ್ಬೇಕು. ಬಾಡಿಗೆ ಪಾಲಿಸಿ, ವೇಯ್ಟಿಂಗ್ ಲಿಸ್ಟು, ರಿಪೇರಿ, ಯಾವ ಬಿಲ್ಡಿಂಗ್ ಇಟ್ಕೋತಾರೆ ಯಾವುದು ಬಿಡ್ತಾರೆ, ಎಲ್ಲ ಅದರಲ್ಲೇ ಇರತ್ತೆ. ಕಳಿಸೋ ಮುಂಚೆ ಬಾಡಿಗೆದಾರರನ್ನ ಕೇಳ್ಬೇಕು ಅಂತಲೂ ಕಾನೂನಲ್ಲೇ ಇದೆ. ಮನೆಗಳು, ವೌಚರ್‌ಗಳು (ಪ್ರೈವೇಟ್ ಮನೆ ಬಾಡಿಗೆಗೆ ಕೊಡೋ ಸಹಾಯ) ಎಲ್ಲ ಸೇರಿ 550 ದಾಟದ ಸಣ್ಣ ಅಥಾರಿಟಿಗಳಿಗೆ 2008ರಿಂದ ವರ್ಷದ ಪ್ಲಾನ್ ಬರೆಯೋದರಿಂದ ವಿನಾಯ್ತಿ ಕೊಟ್ಟಿದಾರೆ, ಆದ್ರೂ ವರ್ಷಕ್ಕೊಂದು ಹಿಯರಿಂಗ್ ಅವರೂ ಮಾಡ್ಲೇಬೇಕು.

ಇನ್ನೊಂದು, ಅವರ ಲೀಸ್ ತೆಗೆದು ಮನೆ ಮಾಲೀಕರ ಜಾಗದಲ್ಲಿ ಯಾರ ಹೆಸರಿದೆ ನೋಡಿ. ನಮ್ಮೋರು ‘ಸೀನಿಯರ್ ಹೌಸಿಂಗ್’ ಅಂತ ಎಲ್ಲದಕ್ಕೂ ಒಂದೇ ಹೆಸರು ಇಟ್ಟುಬಿಡ್ತಾರೆ. ಹೌಸಿಂಗ್ ಅಥಾರಿಟಿಯದೇ ಹೆಸರಿದ್ರೆ ಬಹುಪಾಲು ಪಬ್ಲಿಕ್ ಹೌಸಿಂಗ್, ನಾನು ಹೇಳೋದೆಲ್ಲ ಅದಕ್ಕೆ. ಯಾವುದೋ ಪ್ರೈವೇಟ್ ಕಂಪನಿಯೋ ಚರ್ಚ್ ಸಂಸ್ಥೆಯೋ ಇದ್ದು ಸರ್ಕಾರ ಬರೀ ಸಬ್ಸಿಡಿ ಕೊಡ್ತಿದ್ರೆ ಅದು ಸೆಕ್ಷನ್ 8 ಇರಬಹುದು, ಅಲ್ಲೂ ಸಂಘ ಕಟ್ಟೋ ಹಕ್ಕಿದೆ ಆದ್ರೆ ರೂಲ್ಸ್ ಬೇರೆ.

ನಮ್ಮ ಕತೆ ಹೇಳ್ತೀನಿ. ನಮ್ಮಮ್ಮ ಇರೋದು ಆರು ಫ್ಲೋರಿನ, ತೊಂಬತ್ತು ಚಿಲ್ಲರೆ ಮನೆಗಳ ಹಳೇ ಬಿಲ್ಡಿಂಗು, ಎಲ್ಲ ವಯಸ್ಸಾದವರೇ, ಅರ್ಧ ಜನ ರಷ್ಯನ್ನು ಚೈನೀಸು ಸ್ಪ್ಯಾನಿಷ್ ಮಾತಾಡೋರು. ಮೊದಲನೇ ವರ್ಷ ಲಿಫ್ಟ್ ಪಕ್ಕ ಟೇಪ್ ಹಾಕಿ ಅಂಟಿಸಿದ್ದ ನೋಟಿಸ್ ನೋಡ್ದೆ, ಹಿಯರಿಂಗ್‌ಗೆ ರಜಾ ಹಾಕಿ ಹೋದೆ. ಇದ್ದದ್ದು ಒಂಬತ್ತು ಜನ, ಅದರಲ್ಲಿ ಐದು ಜನ ಆಫೀಸಿನವರೇ. ಮೈಕ್ ಮುಂದೆ ಮೂರು ನಿಮಿಷ ಕೊಟ್ರು, ನಾನು ಲಿಫ್ಟು ಜಿರಲೆ ಹೀಟರು ಎಲ್ಲ ಒಟ್ಟಿಗೆ ಕಕ್ಕಿದೆ. ಅವರು ತುಂಬಾ ನಯವಾಗಿ ಥ್ಯಾಂಕ್ಸ್ ಹೇಳಿದ್ರು. ಅಷ್ಟೇ. ಪ್ಲಾನಿನ ಒಂದು ಪುಟವನ್ನೂ ನಾನು ಓದಿರಲಿಲ್ಲ, ನಾನು ಬೈದಿದ್ದರಲ್ಲಿ ಮುಕ್ಕಾಲು ಭಾಗ ಆ ಪ್ಲಾನಿಗೆ ಸಂಬಂಧವೇ ಇರಲಿಲ್ಲ.

ಎರಡನೇ ವರ್ಷ ಗೊತ್ತಾಗಿದ್ದೇನಂದ್ರೆ ಆಟ ನಡೆಯೋದು ಹಿಯರಿಂಗ್‌ನಲ್ಲಲ್ಲ, ಅದಕ್ಕೆ ಮುಂಚಿನ 45 ದಿನದಲ್ಲಿ. ಹಿಯರಿಂಗ್‌ಗೆ ಕಡಿಮೆ ಅಂದ್ರೂ 45 ದಿನ ಮುಂಚೆ ನೋಟಿಸ್ ಕೊಡ್ಬೇಕು, ಡ್ರಾಫ್ಟ್ ಪ್ಲಾನು ಅದಕ್ಕೆ ಸಂಬಂಧಪಟ್ಟ ಕಾಗದ ಎಲ್ಲ ಮೇನ್ ಆಫೀಸಲ್ಲಿ ಯಾರು ಬೇಕಾದ್ರೂ ಬಂದು ನೋಡೋ ಹಾಗೆ ಇಟ್ಟಿರಬೇಕು. ಅದಕ್ಕೇ ಇವತ್ತೇ ಆ ನೋಟಿಸಿಂದು ಫೋಟೋ ತೆಗೆದಿಟ್ಕೊಳ್ಳಿ, ಅಂಟಿಸಿದ ದಿನ ಯಾವತ್ತು ಅಂತ ಗುರುತು ಹಾಕ್ಕೊಳ್ಳಿ, ಮುಂದೆ ದಿನ ಕಮ್ಮಿ ಕೊಟ್ರು ಅನ್ನೋ ಜಗಳ ಬಂದ್ರೆ ಅದೇ ಸಾಕ್ಷಿ.

ಪ್ಲಾನ್ ಕೈಗೆ ಸಿಕ್ಕಿದ ಮೇಲೆ ಮೊದಲಿಂದ ಕೊನೇವರೆಗೂ ಓದೋಕೆ ಹೋಗ್ಬೇಡಿ, ತಲೆ ಕೆಟ್ಟೋಗತ್ತೆ. ಮೊದಲು 50075 ನಂಬರಿನ ಫಾರಂ ಹುಡುಕಿ, ಅದರಲ್ಲಿ ‘ನ್ಯೂ ಆಕ್ಟಿವಿಟೀಸ್’ ಅಂತ ಒಂದು ಭಾಗ ಇರತ್ತೆ, ಸಾಲಾಗಿ ಪುಟ್ಟ ಪುಟ್ಟ ಚೌಕ, ಹೌದು ಅಥವಾ ಇಲ್ಲ ಅಂತ ಟಿಕ್ ಹಾಕೋದು. ಬಿಲ್ಡಿಂಗ್ ಕೆಡವೋದು, ಬೇರೆಯವರಿಗೆ ವಹಿಸೋದು, ರಾಡ್‌ಗೆ (ಪಬ್ಲಿಕ್ ಹೌಸಿಂಗ್‌ನ ಸೆಕ್ಷನ್ 8ಕ್ಕೆ ಬದಲಾಯಿಸೋ ಸ್ಕೀಮು, ಮುಂದೆ ಹೇಳ್ತೀನಿ) ಬದಲಾಯಿಸೋದು, ಎಲ್ಲ ಅಲ್ಲಿದೆ. ಯಾವುದಕ್ಕೆ ಟಿಕ್ ಬಿದ್ದಿದೆ, ಕೆಳಗೆ ವಿವರದಲ್ಲಿ ನಿಮ್ಮತ್ತೆ ಬಿಲ್ಡಿಂಗ್ ಹೆಸರಿದೆಯಾ ನೋಡಿ. ನಾವು ಅಮ್ಮನ ಅಡುಗೆಮನೆ ಟೇಬಲ್ ಮೇಲೆ ಆ ಪುಟ ಹರಡ್ಕೊಂಡು ಕೂತಾಗ ಅಮ್ಮ ಕನ್ನಡಕ ಏರಿಸಿ, ಇಷ್ಟೇ ಇಷ್ಟು ಚೌಕದಲ್ಲಿ ಇಡೀ ಮನೆ ಇದೆಯೇನೋ ಅಂದ್ರು. ನಮ್ಮದಕ್ಕೆ ರಾಡ್ ಚೌಕದಲ್ಲಿ ಹೌದು ಅಂತ ಟಿಕ್ ಬಿದ್ದಿತ್ತು.

ಎರಡನೇದು, ಐದು ವರ್ಷದ ರಿಪೇರಿ ಪಟ್ಟಿ, ಕ್ಯಾಪಿಟಲ್ ಫಂಡ್ ಅನ್ನೋ ದುಡ್ಡಲ್ಲಿ ಮಾಡೋ ಕೆಲಸಗಳದ್ದು, ಯಾವ ಕೆಲಸ ಯಾವ ವರ್ಷ ಅಂತ ಟೇಬಲ್ ಥರ ಇರತ್ತೆ. ನಮ್ಮ ಲಿಫ್ಟ್ ಐದನೇ ವರ್ಷದ ಕಾಲಂನಲ್ಲಿ ಕೂತಿತ್ತು. ಇಂಥ ಪಟ್ಟೀಲಿ ಐದನೇ ವರ್ಷ ಅಂದ್ರೆ ನಾಳೆ ಬಾ ಅಂದ ಹಾಗೆ, ಮುಂದಿನ ವರ್ಷ ನೋಡಿದ್ರೂ ಅದು ಐದನೇ ವರ್ಷದಲ್ಲೇ ಇರತ್ತೆ. ಮೂರನೇದು, ‘ಸಿಗ್ನಿಫಿಕೆಂಟ್ ಅಮೆಂಡ್‌ಮೆಂಟ್’ ಅಂದ್ರೆ ಏನು ಅನ್ನೋ ಒಂದು ಪ್ಯಾರಾ. ಪ್ಲಾನ್ ಒಪ್ಪಿಗೆ ಆದ್ಮೇಲೆ ಮಧ್ಯದಲ್ಲಿ ದೊಡ್ಡ ಬದಲಾವಣೆ ಮಾಡಿದ್ರೆ ಮತ್ತೆ ಹಿಯರಿಂಗ್ ಮಾಡ್ಬೇಕು, ಆದ್ರೆ ಯಾವುದು ದೊಡ್ಡದು ಅಂತ ತೀರ್ಮಾನಿಸೋದು ಅವರೇ ಬರ್ಕೊಂಡಿರೋ ಈ ಪ್ಯಾರಾ. ಅದನ್ನ ಸಡಿಲ ಮಾಡಿ ಬರೆದ್ರೆ ನಾಳೆ ನಿಮ್ಮನ್ನ ಕೇಳೋ ಗೋಜೇ ಇರಲ್ಲ. ಈ ಪ್ಯಾರಾ ಯಾರೂ ಓದಲ್ಲ, ದಯವಿಟ್ಟು ನೀವು ಓದಿ.

ಈಗ ಜನ ಸೇರಿಸೋದು. ಕಾನೂನಲ್ಲಿ ಎರಡು ಬಾಗಿಲಿದೆ, ಜನ ಎರಡನ್ನೂ ಒಂದೇ ಅಂದ್ಕೋತಾರೆ. ಒಂದು ರೆಸಿಡೆಂಟ್ ಅಡ್ವೈಸರಿ ಬೋರ್ಡು, ಆರ್‌ಎಬಿ ಅಂತಾರೆ, ಇಡೀ ಅಥಾರಿಟಿಯ ಬಾಡಿಗೆದಾರರ ಪರವಾಗಿ ಈ ಪ್ಲಾನ್ ಬಗ್ಗೆ ಸಲಹೆ ಕೊಡೋಕೆ ಅಂತಲೇ ಇರೋದು. ಅವರು ಕೊಟ್ಟ ಸಲಹೇನ ಅಥಾರಿಟಿ ಪ್ಲಾನಿಗೆ ಲಗತ್ತಿಸ್ಬೇಕು, ಒಂದೊಂದಕ್ಕೂ ಏನು ಮಾಡಿದ್ವಿ ಅಂತ ಬರೀಬೇಕು. ಇನ್ನೊಂದು ರೆಸಿಡೆಂಟ್ ಕೌನ್ಸಿಲ್, ಇದು ನಿಮ್ಮ ಬಿಲ್ಡಿಂಗಿನೋರು ತಾವೇ ಓಟು ಹಾಕಿ ಮಾಡ್ಕೊಳ್ಳೋ ಸಂಘ, ಬೈಲಾ ಇರಬೇಕು, ಕಮಿಟೀಲಿ ಕನಿಷ್ಠ ಐದು ಜನ, ಮೂರು ವರ್ಷದೊಳಗೆ ಒಂದ್ಸಲ ಎಲೆಕ್ಷನ್. ಸರಿಯಾಗಿ ಚುನಾಯಿತವಾದ ಕೌನ್ಸಿಲ್ ಇದ್ರೆ ಮನೆಗೆ ವರ್ಷಕ್ಕೆ 25 ಡಾಲರ್ ಲೆಕ್ಕದಲ್ಲಿ ಬಾಡಿಗೆದಾರರ ಭಾಗವಹಿಸುವಿಕೆಗೆ ದುಡ್ಡು ಇದೆ, ಅದರಲ್ಲಿ 15 ಡಾಲರ್ ಕೌನ್ಸಿಲ್ ಪಾಲು, ಕೇಂದ್ರದಿಂದ ದುಡ್ಡು ಬಂದ್ರೆ ಅಂತ ಒಂದು ಷರತ್ತು ಇರತ್ತೆ ಅಷ್ಟೇ. ನಮ್ಮಲ್ಲಿ ಹಳೇ ಕೌನ್ಸಿಲ್ ಎಲೆಕ್ಷನ್ ಆಗದೆ ಮಲಗಿಹೋಗಿತ್ತು, ಅದನ್ನ ಎಬ್ಬಿಸೋಕೆ ಆ 45 ದಿನ ಸಾಲಲ್ಲ. ಹಾಗಾಗಿ ಆ ವರ್ಷ ನಾವು ಸಂಘ ಗಿಂಘ ಅಂತ ಕೂರದೆ ಆರ್‌ಎಬಿಯಲ್ಲಿ ಯಾರಿದಾರೆ ಅಂತ ಆಫೀಸಲ್ಲಿ ಕೇಳಿ ಅವರ ಮನೆ ಬಾಗಿಲು ತಟ್ಟಿದ್ವಿ. ಒಬ್ಬರಿಗೆ ತಾವು ಆರ್‌ಎಬಿಯಲ್ಲಿದೀವಿ ಅನ್ನೋದೇ ಮರ್ತುಹೋಗಿತ್ತು!

ಮೀಟಿಂಗ್ ಕರೆದ್ರೆ ವಯಸ್ಸಾದವರು ಬರಲ್ಲ. ಮೊದಲ ಮೀಟಿಂಗ್‌ಗೆ ನಾಲ್ಕೇ ಜನ. ಆಮೇಲೆ ಅಮ್ಮನೇ ದಾರಿ ತೋರಿಸಿದ್ರು, ಎಲ್ಲರೂ ಲಾಂಡ್ರಿ ರೂಮಿಗೆ ಬಂದೇ ಬರ್ತಾರಲ್ಲ, ಅಲ್ಲೇ ಕೂತ್ಕೋ ಅಂತ. ಬಟ್ಟೆ ತಿರುಗೋ ಮುಕ್ಕಾಲು ಗಂಟೆ ಅವರಿಗೂ ಬೇರೆ ಕೆಲಸ ಇರಲ್ಲ. ನಾಲ್ಕನೇ ಫ್ಲೋರಿನಲ್ಲಿ ವೀಲ್‌ಚೇರ್ ಮೇಲಿರೋ ಒಬ್ಬ ರಷ್ಯನ್ ಅಜ್ಜಿ, ಅವರಿಗೆ ಇಂಗ್ಲಿಷ್ ಬರಲ್ಲ, ನಮ್ಮಮ್ಮನಿಗೆ ರಷ್ಯನ್ ಬರಲ್ಲ, ಆದ್ರೂ ಇಬ್ಬರೂ ಕೈಸನ್ನೆಯಲ್ಲೇ ಲಿಫ್ಟ್ ಬೈಕೊಂಡು ಗೆಳತಿಯರಾಗಿಬಿಟ್ಟಿದ್ರು. ಒಂದಿನ ಆ ಅಜ್ಜಿ ಮನೆಗೆ ಕರ್ಕೊಂಡ್ ಹೋಗಿ ಫ್ರಿಜ್ ಪಕ್ಕ ನೇತಾಕಿದ್ದ ಕ್ಯಾಲೆಂಡರ್ ತೋರಿಸಿದ್ರು, ಔಷಧಿ ಅಂಗಡಿಯವರು ಕೊಟ್ಟಿದ್ದು. ಲಿಫ್ಟ್ ನಿಂತ ದಿನಕ್ಕೆಲ್ಲ ಕೆಂಪು ಪೆನ್ನಲ್ಲಿ ಅಡ್ಡಗೀಟು, ಡಾಕ್ಟರ್ ಅಪಾಯಿಂಟ್‌ಮೆಂಟ್ ತಪ್ಪಿದ ದಿನಕ್ಕೆ ಎರಡು ಗೀಟು. ಜನವರಿಯಿಂದ ಸೆಪ್ಟೆಂಬರ್‌ವರೆಗೆ ಎಣಿಸಿದ್ರೆ 41 ದಿನ. ನಾನು ವರ್ಷದ ಹಿಂದೆ ಮೈಕ್ ಮುಂದೆ ಕೂಗಾಡಿದ್ದೆಲ್ಲ ಆ ಒಂಬತ್ತು ಹಾಳೆ ಮುಂದೆ ಏನೂ ಅಲ್ಲ ಅನ್ನಿಸ್ತು. ಎಲ್ಲ ಝೆರಾಕ್ಸ್ ಮಾಡಿಸಿದ್ವಿ.

ಲಿಖಿತ ಕಾಮೆಂಟ್ ಹೇಗೆ ಬರೀಬೇಕು ಅಂದ್ರೆ, ಪುಟ ಇಷ್ಟು, ಇಲ್ಲಿ ಹೀಗೆ ಬರೆದಿದೀರಿ, ಇದನ್ನ ಹೀಗೆ ಬದಲಾಯಿಸಿ, ಕಾರಣ ಇದು, ಸಾಕ್ಷಿ ಇದು. ಒಂದು ಕಾಮೆಂಟಿಗೆ ಒಂದೇ ವಿಷಯ. ಹತ್ತು ವಿಷಯ ಒಂದೇ ಪ್ಯಾರಾದಲ್ಲಿ ತುರುಕಿದ್ರೆ ‘ಪರಿಗಣಿಸಲಾಗಿದೆ’ ಅಂತ ಒಂದೇ ಸಾಲಲ್ಲಿ ಮೂಗಿಗೆ ತುಪ್ಪ ಸವರಿ ಕಳಿಸ್ತಾರೆ, ನಂಬರ್ ಹಾಕಿ ಬಿಡಿಬಿಡಿಯಾಗಿ ಕೊಟ್ರೆ ಬಿಡಿಬಿಡಿಯಾಗಿ ಉತ್ತರ ಕೊಡ್ಬೇಕಾಗತ್ತೆ. ನಾವು 11 ಕಾಮೆಂಟ್ ಕೊಟ್ವಿ, 63 ಸಹಿ, ಆರ್‌ಎಬಿ ಮೂಲಕವೂ ಕೊಡಿಸಿದ್ವಿ, ಆಫೀಸಲ್ಲಿ ಒಂದು ಕಾಪಿ ಮೇಲೆ ತಾರೀಕಿನ ಸೀಲ್ ಹಾಕಿಸ್ಕೊಂಡ್ವಿ. ಆ ಸಲ ಹಿಯರಿಂಗ್‌ಗೆ ಮೂವತ್ತು ಜನ ಬಂದಿದ್ರು, ಒಬ್ಬೊಬ್ಬರು ಒಂದೊಂದು ನಂಬರ್ ಓದಿದ್ರು. ನೋಟಿಸ್ ಸರಿಯಾಗಿ ಕೊಡಲಿಲ್ಲ, ಹೇಳೋಕೆ ಅವಕಾಶವೇ ಸಿಗಲಿಲ್ಲ ಅನ್ನೋ ಪರಿಸ್ಥಿತಿ ಬಂದ್ರೆ ಆರ್‌ಎಬಿ ಹಡ್‌ಗೆ ಬರೆದು ದೂರು ಕೊಡಬಹುದು, ಅವರಿಗೆ ಹೌದು ಅನ್ನಿಸಿದ್ರೆ ಮೊದಲು ಅದನ್ನ ಸರಿ ಮಾಡಿ ಅಂತ ಅಥಾರಿಟಿಗೆ ಹೇಳ್ತಾರೆ. ಆದ್ರೆ ಪ್ಲಾನ್ ಹಡ್ ಕೈಗೆ ಹೋಗಿ 75 ದಿನದಲ್ಲಿ ಅವರು ಬೇಡ ಅನ್ನದೇ ಇದ್ರೆ ಒಪ್ಪಿಗೆ ಆದ ಹಾಗೆ, ಹಾಗಾಗಿ ಆಮೇಲೆ ಎಚ್ಚರ ಆದ್ರೆ ಪ್ರಯೋಜನ ಇಲ್ಲ.

ಏನು ಸಿಕ್ತು? ಲಿಫ್ಟ್ ಐದನೇ ವರ್ಷದಿಂದ ಎರಡನೇ ವರ್ಷಕ್ಕೆ ಬಂತು. 11ರಲ್ಲಿ ಏಳಕ್ಕೆ ಅದೇ ‘ಪರಿಗಣಿಸಲಾಗಿದೆ’. ರಾಡ್ ನಿಲ್ಲಲಿಲ್ಲ. ನಿಲ್ಲಿಸೋಕೆ ನಮ್ಮ ಹತ್ರ ಓಟಿಲ್ಲ ಅನ್ನೋದನ್ನ ಜನಕ್ಕೆ ಮೊದಲೇ ಹೇಳಿಬಿಡಿ, ಸುಳ್ಳು ಆಸೆ ಹುಟ್ಟಿಸ್ಬೇಡಿ. ನ್ಯೂಯಾರ್ಕ್‌ನಲ್ಲಿ ಮಾತ್ರ ಕೆಲವು ಕಡೆ ಬಾಡಿಗೆದಾರರೇ ಓಟು ಹಾಕಿ ತಮ್ಮ ಕಾಂಪ್ಲೆಕ್ಸಿನ ದಾರಿ ಆರಿಸ್ಕೊಳ್ಳೋ ಏರ್ಪಾಡಿದೆ, 2023ರಲ್ಲಿ ಬ್ರೂಕ್ಲಿನ್‌ನ ನೋಸ್ಟ್ರಾಂಡ್ ಹೌಸಸ್‌ನಲ್ಲಿ ಮೊದಲು ಓಟಾಯ್ತು, ಬಹುತೇಕ ಕಡೆ ಅದಿಲ್ಲ.

ರಾಡ್ ಅಂದ್ರೆ ಪಬ್ಲಿಕ್ ಹೌಸಿಂಗ್‌ನ ಸೆಕ್ಷನ್ 8ರ ಕಾಂಟ್ರ್ಯಾಕ್ಟಿಗೆ ಬದಲಾಯಿಸೋದು, ರಿಪೇರಿಗೆ ಹೊರಗಿನ ಸಾಲ ತರೋಕೆ ದಾರಿ ಆಗ್ಲಿ ಅಂತ. ಈಗಿರೋರನ್ನ ಮತ್ತೆ ಸ್ಕ್ರೀನಿಂಗ್ ಮಾಡಿ ಹೊರಗೆ ಹಾಕೋ ಹಾಗಿಲ್ಲ, ರಿಪೇರಿಗೆ ಅಂತ ಬೇರೆ ಕಡೆ ಕಳಿಸಿದ್ರೆ ವಾಪಸ್ ಬರೋ ಹಕ್ಕಿದೆ, ಸಾಗಿಸೋ ಖರ್ಚು ಅವರದ್ದು, ಬಾಡಿಗೆ ಸಾಮಾನ್ಯವಾಗಿ ಆದಾಯದ 30 ಪರ್ಸೆಂಟ್ ಲೆಕ್ಕದಲ್ಲೇ ಉಳಿಯತ್ತೆ. ಸಮಸ್ಯೆ ಏನು ಗೊತ್ತಾ, ಬದಲಾದ್ಮೇಲೆ ಅದು ಪಬ್ಲಿಕ್ ಹೌಸಿಂಗ್ ಅಲ್ಲ, ಮೇಲೆ ಹೇಳಿದ ಹಾಗೆ ರೂಲ್ಸ್ ಬೇರೆ ಆಗತ್ತೆ. ಹಾಗಾಗಿ ಯಾವಾಗ ಶಿಫ್ಟ್, ಎಲ್ಲಿಗೆ, ಎಷ್ಟು ದಿನ, ವಾಪಸ್ ಬಂದಾಗ ಅದೇ ಫ್ಲೋರಾ, ಎಲ್ಲ ಈಗ್ಲೇ ಕಾಗದದ ಮೇಲೆ ಕೇಳಿ. ಅದೇ ಕೆಡವೋ ಚೌಕಕ್ಕೆ ಟಿಕ್ ಇದ್ರೆ ಅದಕ್ಕೆ ಹಡ್‌ಗೆ ಬೇರೆಯೇ ಅರ್ಜಿ ಹಾಕ್ಬೇಕು, ಬಾಡಿಗೆದಾರರ ಜೊತೆ ಮತ್ತೆ ಮಾತಾಡ್ಬೇಕು, ಸ್ಥಳಾಂತರಕ್ಕೆ 90 ದಿನದ ನೋಟಿಸು, ಸರಿಸಮ ಮನೆ, ಸಾಗಾಟದ ಖರ್ಚು ಕೊಡ್ಬೇಕು. ಆಗ ತಡ ಮಾಡದೆ ಆ ಊರಿನ ಲೀಗಲ್ ಏಡ್ ಆಫೀಸಿಗೆ ಹೋಗಿ, ಬಡವರಿಗೆ ಫ್ರೀ.

ನಿಮ್ಮತ್ತೆ ಸಹಿ ಹಾಕೋಕೂ ಹೆದರಬಹುದು, ನಮ್ಮಮ್ಮನೂ ಹಾಗೇ, ಯಾಕಪ್ಪಾ ಬೇಕಿತ್ತು ಕೊಟ್ಟಿರೋ ಮನೇನೂ ಹೋದ್ರೆ ಅಂತ. ಲೀಸ್ ಪ್ರಕಾರ ಗಂಭೀರವಾದ ಅಥವಾ ಪದೇ ಪದೇ ಉಲ್ಲಂಘನೆಯೋ ಬೇರೆ ತಕ್ಕ ಕಾರಣವೋ ಇಲ್ಲದೆ ಬಿಡಿಸೋ ಹಾಗಿಲ್ಲ, ಸಂಘ ಕಟ್ಟಿದ್ದು ಕಾರಣ ಅಲ್ಲ. ಅಮ್ಮನಿಗೆ ನಾನು ಸೇಂಟ್ ಲೂಯಿಸ್ ಕತೆ ಹೇಳ್ತಿದ್ದೆ, 1969ರಲ್ಲಿ ಅಲ್ಲಿಯ ಪಬ್ಲಿಕ್ ಹೌಸಿಂಗ್‌ನ ಹೆಂಗಸರು, ಬಹುಪಾಲು ಕಪ್ಪು ತಾಯಂದಿರು, ತಿಂಗಳುಗಟ್ಟಲೆ ಬಾಡಿಗೆ ಕಟ್ಟದೆ ಕೂತ್ರು, ಅದೇ ವರ್ಷ ಸೆನೆಟರ್ ಎಡ್ವರ್ಡ್ ಬ್ರೂಕ್ ತಂದ ತಿದ್ದುಪಡಿಯಲ್ಲಿ ಬಾಡಿಗೆ ಆದಾಯದ 25 ಪರ್ಸೆಂಟ್ ಮೀರಬಾರದು ಅಂತಾಯ್ತು, 30 ಆಗಿದ್ದು 1981ರ ಕಾನೂನಿಂದ. ಅಮ್ಮ ಈಗ ಕಟ್ಟೋ ಬಾಡಿಗೆ ಲೆಕ್ಕದ ಬೇರು ಅಲ್ಲಿದೆ. ಹಾಗಂತ ನೀವು ಬಾಡಿಗೆ ನಿಲ್ಲಿಸೋಕೆ ಹೋಗ್ಬೇಡಿ ಮಾರಾಯ್ರೆ, ವಕೀಲರನ್ನ ಕೇಳದೆ ಅದು ಮಾಡಿದ್ರೆ ನಿಜಕ್ಕೂ ಮನೆ ಹೋಗತ್ತೆ.

ಹಿಯರಿಂಗ್ ತಾರೀಕು ಯಾವತ್ತು, ಯಾವ ಚೌಕಕ್ಕೆ ಟಿಕ್ ಬಿದ್ದಿದೆ ಅಂತ ಕೆಳಗೆ ಹಾಕಿ, ಎಷ್ಟು ದಿನ ಉಳಿದಿದೆ ನೋಡ್ಕೊಂಡು ಮೊದಲು ಯಾರ ಬಾಗಿಲು ತಟ್ಟಬೇಕು ಅಂತ ಹೇಳ್ತೀನಿ. ಫೋಟೋ ಹಾಕೋದಾದ್ರೆ ಅತ್ತೆಯವರ ಹೆಸರು, ಮನೆ ನಂಬರ್ ಮುಚ್ಚಿ ಹಾಕಿ.